ಕಥೆ ಕೇಳುವವರ ಕಿವಿ ಎಲ್ಲಿದೆ?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಶ್ರವ್ಯಕಥೆಗಳ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದ ಕಥೆಗಳು ಪಾಡ್‌ಕಾಸ್ಟ್‌ಗಳಾಗಿ, ಆಡಿಯೋ ಪುಸ್ತಕಗಳಾಗಿ ಮೊಬೈಲಿಗೆ ಬರುತ್ತಿರುವುದನ್ನು, ಅಡಿಕೆ ಸುಲಿಯುತ್ತಲೋ ಬಸ್ಸಿನಲ್ಲಿ ಕುಳಿತೋ ಜನರು ಅವುಗಳನ್ನು ಕೇಳುತ್ತಿರುವುದನ್ನು ಲೇಖಕರು ಸರಿಯಾಗಿಯೇ ಗುರುತಿಸಿದ್ದಾರೆ. ಕಥೆಗಳ ಆಯ್ಕೆ, ಓದುವವರ ಉಚ್ಚಾರ, ಭಾವ ಇವುಗಳ ಬಗ್ಗೆ ಅವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಧ್ವನಿವಿನ್ಯಾಸದ, ಎಂದರೆ ಕಥೆಗೆ ಬೇಕಾದ ಶಬ್ದಗಳನ್ನು ಆರಿಸಿ ಜೋಡಿಸುವ ಕೆಲಸದ, ವಿಷಯ ಬಂದಾಗ, ಓದು ಮುಗಿದ ಮೇಲೆ ಹಿನ್ನೆಲೆ ಸಂಗೀತವನ್ನೂ ಕೆಲವು ಇಫೆಕ್ಟ್‌ಗಳನ್ನೂ ಸೇರಿಸಿದರೆ ಕಥೆಗೆ ಮೆರುಗು ಬರುತ್ತದೆ ಎಂಬರ್ಥದ ಒಂದೇ ವಾಕ್ಯದಲ್ಲಿ ಮಾತು ಮುಗಿಸಿದ್ದಾರೆ. ನನ್ನ ಈ ಪತ್ರ ಆ ಒಂದು ವಾಕ್ಯದ ಕುರಿತಾದದ್ದು. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯಕ್ಕೆ ಅಷ್ಟು ಜಾಗ ಬೇಕೆಂದು ತೋರಿದ್ದರಿಂದ ಹಾಗಾಗಿದೆ.

ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಕನಾಗಿದ್ದು ನಿವೃತ್ತನಾದ ನಾನು, ಕೆಲವು ವರ್ಷಗಳಿಂದ ನಮ್ಮೂರಿನ ಗ್ರಂಥಾಲಯದಲ್ಲಿ ಹೈಸ್ಕೂಲು ಮಕ್ಕಳೊಡನೆ ಸೇರಿ ಕಥೆಗಳನ್ನು ಧ್ವನಿಮುದ್ರಿಸುತ್ತಿದ್ದೇನೆ. ಈ ಕೆಲಸದಲ್ಲಿ ನಮಗೆ ಚೆನ್ನಾಗಿ ಮನವರಿಕೆಯಾದ ಸಂಗತಿಯೆಂದರೆ, ಕೇಳುವ ಕಥೆಯಲ್ಲಿ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಕೇಳುಗರ ಕಿವಿ ಇರುವ ಜಾಗ. ಅಜ್ಜಿ ಅಡುಗೆಮನೆಯಲ್ಲಿ ಮಾತನಾಡುತ್ತಿದ್ದಾರೆ ಎಂದರೆ ನಾವು ಅವರ ಮಗ್ಗುಲಲ್ಲಿ ಕುಳಿತಿದ್ದೇವೆಯೇ, ಚಾವಡಿಯಿಂದ ಗೋಡೆಯಾಚೆಯ ಮಾತನ್ನು ಆಲಿಸುತ್ತಿದ್ದೇವೆಯೇ, ಅಥವಾ ಅಂಗಳದ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದೇವೆಯೇ? ಇದು ಗೊತ್ತಿಲ್ಲದೆ ಹಾಕಿದ ಯಾವ ಶಬ್ದವೂ ಕಥೆಯೊಳಗೆ ಕೂರುವುದಿಲ್ಲ. ಗೊತ್ತಾದ ಮೇಲೆ ಯಾವ ಶಬ್ದ ಬೇಕು, ಯಾವುದು ಬೇಡ, ಎಷ್ಟು ದೂರದಿಂದ ಕೇಳಬೇಕು ಎಂಬುದೆಲ್ಲ ಹೆಚ್ಚುಕಡಿಮೆ ತಾನಾಗಿಯೇ ನಿರ್ಧಾರವಾಗುತ್ತದೆ. ಆದ್ದರಿಂದ ಧ್ವನಿವಿನ್ಯಾಸ ಆರಂಭವಾಗಬೇಕಾದದ್ದು ಕಥೆ ಬರೆಯುವ ಕೈಯಲ್ಲಿ ಎಂದು ನಾನು ಭಾವಿಸುತ್ತೇನೆ.

ನಮ್ಮ ಜಿಲ್ಲೆಯ ಸುರಂಗಗಳನ್ನೇ ನೋಡಿ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಬ್ಬರು ನಡೆದು ಹೋಗುವಷ್ಟೇ ಅಗಲಕ್ಕೆ ದಾರಿ ಮಾಡಿ, ಒಳಗಿನ ಒರತೆಯ ನೀರನ್ನು ತೋಟಕ್ಕೆ ಹರಿಸಿಕೊಳ್ಳುವ ಈ ವ್ಯವಸ್ಥೆ ಇಲ್ಲಿನ ಕೃಷಿಕರಿಗೆ ಹೊಸತಲ್ಲ. ಸುರಂಗ ತೋಡುವವನೊಬ್ಬನ ಕಥೆಯನ್ನು ಮಕ್ಕಳು ಮೊದಲ ಬಾರಿ ಮುದ್ರಿಸಿಕೊಂಡಾಗ ಪಿಕಾಸಿಯ ಏಟು, ನೀರಿನ ತೊಟ್ಟು, ಪ್ರತಿಧ್ವನಿ ಎಲ್ಲವೂ ಇದ್ದವು. ಆದರೂ ಕೇಳಿದವರಿಗೆ ಸುರಂಗದೊಳಗೆ ಹೋದ ಅನುಭವವಾಗಲಿಲ್ಲ. ಆಮೇಲೆ ಎಲ್ಲರೂ ಫೋನು ಹಿಡಿದು ಒಂದು ಹಳೆಯ ಸುರಂಗದ ಬಾಯಿಗೆ ಹೋದೆವು. ಹೊರಗೆ ತೋಟದ ಜೀರುಂಡೆಗಳು ಒಂದೇ ಸಮನೆ ಕಿರುಚುತ್ತಿದ್ದವು. ಒಳಗೆ ಕಾಲಿಟ್ಟು ಸ್ವಲ್ಪ ನಡೆಯುವಷ್ಟರಲ್ಲಿ ಆ ಕಿರುಚಾಟದ ಚೂಪು ಹೋಗಿ ಮಂಕಾಯಿತು. ಒಂದು ತಿರುವು ದಾಟಿದ ಮೇಲೆ ಅದು ಪೂರ್ತಿ ಅಳಿಯಿತು. ಆಗ ನಮ್ಮದೇ ಉಸಿರು ಕಿವಿಯ ಹತ್ತಿರ ಬಂದಂತಾಯಿತು, ಬಟ್ಟೆ ಗೋಡೆಗೆ ಸವರಿದ್ದು ಕೇಳಿಸಿತು, ಎಲ್ಲೋ ಮುಂದೆ ಬೀಳುತ್ತಿದ್ದ ಒಂದೊಂದೇ ಹನಿ ಬೇರೆಬೇರೆಯಾಗಿ ಕೇಳತೊಡಗಿತು. ಕಥೆಗೆ ಬೇಕಾಗಿದ್ದದ್ದು ಈ ಕ್ರಮವೇ. ಹೊರಗಿನದು ಹಂತಹಂತವಾಗಿ ಕಳೆದುಹೋಗುತ್ತ ಒಳಗಿನದು ಹತ್ತಿರವಾಗುವುದನ್ನು ಕೇಳುಗರ ಕಿವಿ ತಾನೇ ನಡೆದು ಅನುಭವಿಸಬೇಕು. ಮಕ್ಕಳು ಎರಡನೆಯ ಬಾರಿ ಮುದ್ರಿಸಿದ್ದು ಹಾಗೆ. ಆಗ ಪ್ರತಿಧ್ವನಿಯನ್ನು ಸೇರಿಸುವ ಅಗತ್ಯವೇ ಬೀಳಲಿಲ್ಲ.

ಇದರ ಹಿಂದಿನ ಕಾರಣ ಸರಳ ಭೌತಶಾಸ್ತ್ರ. ಬಯಲಿನಲ್ಲಿ ಶಬ್ದದ ಮೂಲದಿಂದ ನಮ್ಮ ದೂರ ಇಮ್ಮಡಿಯಾದರೆ ಅದರ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ದೂರ ಹೋದಂತೆ ಗಾಳಿಯೂ ಅಡ್ಡಬರುವ ಗಿಡಮರ ಗೋಡೆಗಳೂ ಹೆಚ್ಚು ಆವರ್ತನದ, ಎಂದರೆ ಚೂಪಾದ ಅಂಶವನ್ನು ಮೊದಲು ಹೀರಿಕೊಳ್ಳುತ್ತವೆ. ಕೋಣೆಯೊಳಗಾದರೆ ಬಾಯಿಂದ ನೇರವಾಗಿ ಬಂದ ಧ್ವನಿ ಎಷ್ಟು, ಗೋಡೆಗೆ ಬಡಿದು ಬಂದದ್ದು ಎಷ್ಟು ಎಂಬ ಪ್ರಮಾಣದಿಂದ ಕಿವಿ ದೂರವನ್ನು ಅಳೆಯುತ್ತದೆ. ಹಾಗಾಗಿ ದೂರದವರ ಮಾತನ್ನು ತೋರಿಸಲು ಧ್ವನಿಯನ್ನು ಸುಮ್ಮನೆ ಸಣ್ಣದು ಮಾಡಿದರೆ, ಅದು ಹತ್ತಿರದಲ್ಲೇ ಪಿಸುಗುಟ್ಟಿದಂತೆ ಕೇಳುತ್ತದೆಯೇ ಹೊರತು ಗದ್ದೆಯಾಚೆಯಿಂದ ಕರೆದಂತೆ ಕೇಳುವುದಿಲ್ಲ. ಗದ್ದೆಯಾಚೆಯಿಂದ ಕರೆಯುವವನು ಗಂಟಲು ಬಿಟ್ಟು ಕೂಗುತ್ತಾನೆ. ಅವನ ಕೂಗು ದೊಡ್ಡದು, ನಮಗೆ ತಲುಪುವುದು ಸಣ್ಣದು. ಓದುವವರನ್ನು ಮೈಕಿನಿಂದ ದೂರ ನಿಲ್ಲಿಸಿ ನಿಜವಾಗಿಯೂ ಕೂಗಿಸುವುದಕ್ಕೆ ಸಾಟಿಯಾದ ತಂತ್ರ ಸಾಫ್ಟ್‌ವೇರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಒಂದೇ ದಿಕ್ಕಿನಿಂದ ಧ್ವನಿ ಹಿಡಿಯುವ ಮೈಕಿಗೆ ಬಾಯಿ ತೀರಾ ಹತ್ತಿರವಾದಾಗ ಮಂದ್ರದ ಅಂಶ ಹೆಚ್ಚಿ ಧ್ವನಿ ತುಂಬಿಕೊಳ್ಳುತ್ತದೆ. ಒಬ್ಬರು ತಮ್ಮೊಳಗೇ ಮಾತನಾಡಿಕೊಳ್ಳುವ ಭಾಗಕ್ಕೆ ಅದು ಹೊಂದುತ್ತದೆ. ಇಡೀ ಕಥೆಯನ್ನು ಹಾಗೆಯೇ ಓದಿದರೆ ಎಲ್ಲ ಪಾತ್ರಗಳೂ ಕೇಳುಗರ ಕಿವಿಗೆ ಬಾಯಿಟ್ಟು ಮಾತನಾಡಿದಂತಾಗಿ ದಣಿವಾಗುತ್ತದೆ. ಈಗ ಬರುತ್ತಿರುವ ಎಷ್ಟೋ ಕನ್ನಡ ಶ್ರವ್ಯಕಥೆಗಳಲ್ಲಿ ನನಗೆ ಎದ್ದು ಕಾಣುವ ಕೊರತೆ ಇದೇ.

ಕಿವಿಯ ಜಾಗವನ್ನು ಮೊದಲು ತೀರ್ಮಾನಿಸುವ ಈ ವಿವೇಕ ರೇಡಿಯೋ ನಾಟಕದಷ್ಟೇ ಹಳೆಯದು. 1924ರ ಜನವರಿಯಲ್ಲಿ ಬಿಬಿಸಿ ಪ್ರಸಾರ ಮಾಡಿದ ರಿಚರ್ಡ್ ಹ್ಯೂಸ್ ಅವರ ನಾಟಕವನ್ನು ರೇಡಿಯೋಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದೆಂದು ಪರಿಗಣಿಸುತ್ತಾರೆ. ಅದು ನಡೆಯುವುದು ದೀಪ ಆರಿಹೋದ ಕಲ್ಲಿದ್ದಲ ಗಣಿಯೊಳಗೆ. ಕೇಳುಗರಿಗೆ ಕಣ್ಣಿನ ಕೆಲಸವಿಲ್ಲ ಎಂಬುದನ್ನು ಲೇಖಕರು ಅಡಚಣೆಯಾಗಿ ಎಣಿಸದೆ, ಪಾತ್ರಗಳಿಗೂ ಏನೂ ಕಾಣದ ಜಾಗವನ್ನು ಆರಿಸಿಕೊಂಡರು. ಹಾಗೆ ಪಾತ್ರದ ಕಿವಿ ಮತ್ತು ಕೇಳುಗರ ಕಿವಿ ಒಂದೇ ಕತ್ತಲಲ್ಲಿ ಸೇರಿದವು. ಗಣಿಯಲ್ಲಿ ನೀರು ನುಗ್ಗುವ ಸದ್ದು ಅಲ್ಲಿ ಅಲಂಕಾರವಾಗಿರದೆ ಕಥೆಯ ಘಟನೆಯೇ ಆಗಿತ್ತು. ಕನ್ನಡಕ್ಕೂ ರೇಡಿಯೋ ತಡವಾಗಿ ಬಂದದ್ದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಸ್ವಂತ ಆಸಕ್ತಿಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಗಡಿಯ ಈಚೆಗಿರುವ ನಮಗೂ ಕನ್ನಡ ನಾಟಕ, ಯಕ್ಷಗಾನ, ತಾಳಮದ್ದಳೆಗಳು ಮನೆಯೊಳಗೆ ಕೇಳುವಂತಾದವು. ರಾಜ್ಯದ ಗೆರೆ ರೇಡಿಯೋದ ಅಲೆಗೆ ತಿಳಿಯದ್ದರಿಂದ ಕಾಸರಗೋಡಿನ ಕನ್ನಡಿಗರಿಗೆ ಆದ ಉಪಕಾರ ದೊಡ್ಡದು.

ಯಕ್ಷಗಾನದ ಪ್ರಸಂಗವನ್ನು ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಜಿಲ್ಲೆಯವರು ಧ್ವನಿವಿನ್ಯಾಸವನ್ನು ಹೊರಗಿನಿಂದ ಬಂದ ವಿದ್ಯೆಯೆಂದು ಭಾವಿಸುವುದು ನನಗೆ ಬೇಸರ ತರುವ ಸಂಗತಿ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಕುಳಿತಲ್ಲಿಂದ ಏಳದ ಜನ ಲಂಕೆಯನ್ನೂ ಕುರುಕ್ಷೇತ್ರವನ್ನೂ ಕಿವಿಗೆ ತಂದುಕೊಡುತ್ತಾರೆ. ಅಲ್ಲಿ ಹಿಮ್ಮೇಳ, ಎಂದರೆ ಹಾಡುವ ಭಾಗವತರೂ ಚೆಂಡೆ ಮದ್ದಳೆಯವರೂ, ಮಾಡುವ ಕೆಲಸವನ್ನು ಗಮನವಿಟ್ಟು ಕೇಳಬೇಕು. ಪದ್ಯ ನಡೆಯುವಾಗ ಚೆಂಡೆ ಏರಬಹುದು, ಆದರೆ ಪಾತ್ರದ ಮಾತಾಡುವ ಅರ್ಥಧಾರಿ ಬಾಯಿ ತೆರೆದೊಡನೆ ಚೆಂಡೆ ಮದ್ದಳೆಗಳು ಸುಮ್ಮನಾಗುತ್ತವೆ. ಮಾತಿನ ಅಡಿಯಲ್ಲಿ ಉಳಿಯುವುದು ಶ್ರುತಿ ಮಾತ್ರ. ಆ ಶ್ರುತಿ ಮಾತಿಗೆ ಅಡ್ಡಬರುವುದಿಲ್ಲ, ಆದರೆ ಪ್ರಸಂಗದ ಲೋಕ ಇನ್ನೂ ನಿಂತಿದೆ ಎಂಬುದನ್ನು ಎಡೆಬಿಡದೆ ತಿಳಿಸುತ್ತಿರುತ್ತದೆ. ಇಂದಿನ ಸ್ಟುಡಿಯೋಗಳಲ್ಲಿ ಮಾತು ಬಂದಾಗ ಹಿನ್ನೆಲೆಯನ್ನು ತಗ್ಗಿಸಿ, ಮಾತು ನಿಂತಾಗ ಏರಿಸುವ ಕ್ರಮವನ್ನು ಒಂದು ಕೌಶಲವಾಗಿ ಕಲಿಸುತ್ತಾರೆ. ನಮ್ಮ ಹಿಮ್ಮೇಳದವರು ಅದನ್ನು ಕೈಯಲ್ಲೇ ಮಾಡುತ್ತ ಬಂದಿದ್ದಾರೆ. ಮಾತಿನ ಕೊನೆಯ ಪದ ಇನ್ನೂ ಗಾಳಿಯಲ್ಲಿರುವಾಗಲೇ ಭಾಗವತರ ರಾಗ ಎದ್ದು ಮುಂದಿನ ಸನ್ನಿವೇಶಕ್ಕೆ ನಮ್ಮನ್ನು ದಾಟಿಸುತ್ತದೆ. ಸಿನಿಮಾದಲ್ಲಿ ಮುಂದಿನ ದೃಶ್ಯದ ಶಬ್ದವನ್ನು ಹಿಂದಿನ ದೃಶ್ಯದ ಕೊನೆಗೇ ತಂದು ಸೇತುವೆ ಕಟ್ಟುವುದೂ ಹೀಗೆಯೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯ ಹಳೆಯ ಕ್ಯಾಸೆಟ್ಟುಗಳು ಇಂದಿಗೂ ನಮ್ಮಲ್ಲಿ ಅನೇಕರ ಮನೆಯಲ್ಲಿವೆ. ಅವುಗಳನ್ನು ಪಾಂಡಿತ್ಯಕ್ಕಾಗಿ ಒಮ್ಮೆ ಕೇಳಿದವರು, ಮಾತಿನ ನಡುವಿನ ನಿಲುಗಡೆಗಳಿಗಾಗಿ ಇನ್ನೊಮ್ಮೆ ಕೇಳಬೇಕೆಂದು ಕೋರುತ್ತೇನೆ. ಎಲ್ಲಿ ನಿಲ್ಲುತ್ತಾರೆ, ನಿಂತಾಗ ಶ್ರುತಿ ಎಷ್ಟು ಹೊತ್ತು ಒಂಟಿಯಾಗಿ ಕೇಳುತ್ತದೆ ಎಂಬುದೇ ಒಂದು ಪಾಠ.

ಮಾತಿಗೆ ಹಿನ್ನೆಲೆ ಅಡ್ಡಬರುವುದು ಹೇಗೆ ಎಂಬುದನ್ನೂ ತಿಳಿದಿರಬೇಕು. ಮನುಷ್ಯರ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಶಬ್ದವನ್ನು ಕೇಳಬಲ್ಲದು. ಆದರೆ ಮಾತು ಸ್ಪಷ್ಟವಾಗಿ ಅರ್ಥವಾಗಲು ಬೇಕಾದ ವ್ಯಂಜನಗಳ ಸುಳಿವು ಮುಖ್ಯವಾಗಿ 2,000ರಿಂದ 4,000 ಹರ್ಟ್ಜ್‌ನ ಆಸುಪಾಸಿನಲ್ಲಿದೆ, ‘ಸ’, ‘ಶ’ಗಳ ಸೀತ್ಕಾರ ಅದಕ್ಕೂ ಮೇಲಿದೆ. ಜೋರು ಮಳೆಯ ಶಬ್ದ ಈ ಎಲ್ಲ ಆವರ್ತನಗಳ ಮೇಲೂ ಹರಡಿಕೊಂಡಿರುತ್ತದೆ. ಆದ್ದರಿಂದ ಓದಿನ ಅಡಿಯಲ್ಲಿ ಮಳೆಯನ್ನು ಉದ್ದಕ್ಕೂ ಸುರಿಸಿದರೆ ಸ್ವರಗಳು ಉಳಿದು ವ್ಯಂಜನಗಳು ಕೊಚ್ಚಿಹೋಗುತ್ತವೆ; ಕೇಳುವವರು ಧ್ವನಿ ಹೆಚ್ಚಿಸಿಕೊಳ್ಳುತ್ತಾರೆ, ಆಗ ಮಳೆಯೂ ಹೆಚ್ಚುತ್ತದೆ. ಮಾತಿಲ್ಲದಾಗ ಮಳೆಯನ್ನು ಚೆನ್ನಾಗಿ ಕೇಳಿಸಿ, ಮಾತು ಬಂದಾಗ ಈ ಆವರ್ತನಗಳಲ್ಲಿ ಅದನ್ನು ತಗ್ಗಿಸುವುದು ದಾರಿ. ಅದಕ್ಕಿಂತ ಒಳ್ಳೆಯ ದಾರಿ, ಪಾತ್ರ ಬಾಗಿಲು ಮುಚ್ಚುವಂತೆ ಕಥೆಗಾರರೇ ಬರೆದುಬಿಡುವುದು. ಬಾಗಿಲು ಮುಚ್ಚಿದ ಸದ್ದು ಬಂದು ಮಳೆ ಹೊರಗುಳಿದರೆ ಮಾತೂ ಸ್ಪಷ್ಟ, ಮನೆಯೊಳಗೆ ಬಂದೆವೆಂಬ ಅನುಭವವೂ ಸ್ಪಷ್ಟ.

ಮಳೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಗಾಳಿಯಲ್ಲಿ ಬೀಳುತ್ತಿರುವ ಹನಿ ನಮಗೆ ಕೇಳುವಂಥ ಸದ್ದು ಮಾಡುವುದಿಲ್ಲ. ನಾವು ಕೇಳುವುದು ಅದು ಬಂದು ತಾಗುವ ವಸ್ತುವಿನ ಸದ್ದನ್ನು. ಹಂಚಿನ ಮಾಡು, ತಗಡಿನ ಶೀಟು, ಬಿದ್ದ ಅಡಿಕೆ ಹಾಳೆ, ಬಾಳೆ ಎಲೆ, ಅಂಗಳದಲ್ಲಿ ಹಾಸಿದ ಟಾರ್ಪಾಲು, ತುಂಬಿದ ಕೆರೆ ಇವುಗಳಲ್ಲಿ ಪ್ರತಿಯೊಂದರ ಮಳೆಯೂ ಬೇರೆ. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ‘ಮಳೆ’ಯನ್ನು ಇಳಿಸಿಕೊಂಡು ನಮ್ಮೂರು ಬದಿಯಡ್ಕದ ಮನೆಯೊಂದರ ಕಥೆಗೆ ಅಂಟಿಸಿದರೆ, ಗಾಜಿನ ಕಿಟಕಿಯ ಮೇಲೆ ಬೀಳುವ ಯಾವುದೋ ಶೀತದೇಶದ ಜಿಟಿಜಿಟಿ ಹನಿ ನಮ್ಮ ಆಟಿ ತಿಂಗಳ ಜಡಿಮಳೆಯ ಜಾಗದಲ್ಲಿ ಕೂರುತ್ತದೆ. ಹಿನ್ನೆಲೆಯಲ್ಲಿ ನಮ್ಮ ಕಡೆ ಎಂದೂ ಕೇಳದ ಹಕ್ಕಿಯೊಂದು ಕೂಗುತ್ತದೆ. ಕೇಳುಗರು ಇದನ್ನು ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಆದರೆ ಅವರ ಕಿವಿ ನಂಬುವುದಿಲ್ಲ. ಕಾಸರಗೋಡಿನಲ್ಲಿ ನಡೆಯುವ ಕಥೆಯೊಂದನ್ನು ಒಂದು ಸಂಸ್ಥೆ ಹೀಗೆಯೇ ಧ್ವನಿಗೆ ತಂದಿತ್ತು. ಅದರಲ್ಲಿ ಸಂತೆಯ ಗದ್ದಲವೆಂದು ಹಾಕಿದ ಶಬ್ದದಲ್ಲಿ ಕಿವಿಗೊಟ್ಟರೆ ಇಂಗ್ಲಿಷಿನ ಮಾತುಗಳೇ ಕೇಳುತ್ತಿದ್ದವು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಒಂದೇ ಬಸ್‌ನಿಲ್ದಾಣದಲ್ಲಿ ಕೇಳಿಬರುವ ಊರಿಗೆ ಆ ಗದ್ದಲ ಹೊಂದುವುದೆಂತು? ಆ ಕಥೆಯ ಲೇಖಕರು ತಮ್ಮ ಊರನ್ನು ಅಕ್ಷರಕ್ಷರವಾಗಿ ಪ್ರೀತಿಯಿಂದ ಬರೆದಿದ್ದರು. ಧ್ವನಿಗೆ ಬಂದಾಗ ಊರೇ ಕಾಣೆಯಾಯಿತು.

ಊರಿನ ಶಬ್ದವನ್ನು ತಿಳಿದವರು ಬರೆದರೆ ನಿರೂಪಕರ ಎಷ್ಟೋ ವಾಕ್ಯಗಳೇ ಬೇಡವಾಗುತ್ತವೆ ಎಂಬುದಕ್ಕೆ ನಮ್ಮ ಮಕ್ಕಳು ಕಂಡುಕೊಂಡ ಎರಡು ಉಪಾಯಗಳನ್ನು ಹೇಳುತ್ತೇನೆ. ಒಂದು ಕಥೆಯಲ್ಲಿ ಹುಡುಗಿಯೊಬ್ಬಳು ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗೆ ಹೋಗಿಬರಬೇಕು. ಕೇರಳದ ಬಸ್ಸಿನಲ್ಲಿ ಕಂಡಕ್ಟರ್ ಹಗ್ಗ ಎಳೆದು ಬೆಲ್ ಬಾರಿಸುತ್ತಾರೆ; ಒಂದು ಬೆಲ್ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಕರ್ನಾಟಕದ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದುತ್ತಾರೆ. ಹೋಗುವಾಗ ಡಬಲ್ ಬೆಲ್ಲಿನ ಬಸ್ಸು, ಬರುವಾಗ ಸೀಟಿಯ ಬಸ್ಸು ಎಂದು ಮಕ್ಕಳು ನಿಶ್ಚಯಿಸಿದರು. ಗಡಿಯ ಊರಾದ ತಲಪಾಡಿ, ಗಡಿ, ರಾಜ್ಯ ಎಂಬ ಮಾತುಗಳೇ ಇಲ್ಲದೆ, ಅವಳು ಗಡಿಯಾಚೆ ಹೋಗಿ ತಿರುಗಿ ಬರುತ್ತಿದ್ದಾಳೆ ಎಂಬುದು ಇಲ್ಲಿನ ಕೇಳುಗರಿಗೆ ಗೊತ್ತಾಯಿತು.

ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ರಾತ್ರಿ ಕುಳಿತು ಅಡಿಕೆ ಸುಲಿಯುತ್ತ ಗಂಡ ಹೆಂಡತಿ ಮಗಳ ಮದುವೆಯ ಖರ್ಚಿನ ಬಗ್ಗೆ ಮಾತನಾಡುವ ಸನ್ನಿವೇಶವದು. ಮಾತು ಕಡಿಮೆ, ಮೌನವೇ ಹೆಚ್ಚು. ರಾತ್ರಿ ಕಳೆಯುತ್ತಿರುವುದನ್ನು ತಿಳಿಸಬೇಕಿತ್ತು. ಕತ್ತಿಗೆ ಒತ್ತಿ ಸಿಪ್ಪೆ ಬಿಡಿಸಿದ ಒಣ ಅಡಿಕೆಯನ್ನು ಒಂದೊಂದಾಗಿ ತಗಡಿನ ಡಬ್ಬಕ್ಕೆ ಹಾಕುತ್ತಾರೆ. ಡಬ್ಬ ಬರಿದಾಗಿರುವಾಗ ಬಿದ್ದ ಅಡಿಕೆ ಠಣ್ಣೆಂದು ಇಡೀ ಜಗಲಿಗೆ ಕೇಳುತ್ತದೆ. ತಳ ಮುಚ್ಚಿದ ಮೇಲೆ ಅಡಿಕೆಯ ಮೇಲೆ ಅಡಿಕೆ ಬಿದ್ದ ಗಟ್ಟಿ ಸದ್ದು. ಡಬ್ಬ ತುಂಬುತ್ತ ಬಂದಂತೆ ಲೋಹದ ಅನುರಣನ ಅಡಗಿ, ಸದ್ದು ಮೊಂಡಾಗಿ, ಕೊನೆಗೆ ಕಟಕ್ಕೆಂಬಷ್ಟೇ ಉಳಿಯುತ್ತದೆ. ಒಬ್ಬ ಹುಡುಗಿ ಈ ವ್ಯತ್ಯಾಸವನ್ನು ಮನೆಯಲ್ಲಿ ಗಮನಿಸಿ ಬಂದು ಹೇಳಿದಳು. ನಾವು ಬರಿದಾದ ಡಬ್ಬ, ಅರ್ಧ ತುಂಬಿದ ಡಬ್ಬ, ತುಂಬಿದ ಡಬ್ಬ ಎಂದು ಮೂರನ್ನು ಮುದ್ರಿಸಿಕೊಂಡು ಮಾತಿನ ನಡುವೆ ಇಟ್ಟೆವು. ‘ಬಹಳ ಹೊತ್ತಾಗಿತ್ತು’ ಎಂಬ ವಾಕ್ಯವನ್ನು ಹಸ್ತಪ್ರತಿಯಿಂದ ತೆಗೆದುಹಾಕಲಾಯಿತು. ಅಷ್ಟೇ ಅಲ್ಲದೆ, ಗಂಡ ಒಂದು ಮಾತಿಗೆ ಉತ್ತರ ಕೊಡದೆ ಇದ್ದಾಗ ಅಡಿಕೆ ಬೀಳುವ ಸದ್ದೂ ಒಂದು ಗಳಿಗೆ ನಿಂತಿತು. ಅವನ ಕೈ ತಡೆದದ್ದು ಕಿವಿಗೆ ಕಂಡಿತು. ವಾದ್ಯಸಂಗೀತ ಹಾಕಿದ್ದರೆ ಈ ನಿಲುಗಡೆ ಯಾರಿಗೂ ಕೇಳುತ್ತಿರಲಿಲ್ಲ.

ಹಿನ್ನೆಲೆ ಸಂಗೀತದ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸಾವಿನ ಸನ್ನಿವೇಶ ಬಂದೊಡನೆ ಪಿಟೀಲು, ಬಾಲ್ಯದ ನೆನಪೆಂದೊಡನೆ ಕೊಳಲು, ದೆವ್ವವೆಂದೊಡನೆ ಸಿಂಥಸೈಜರಿನ ಗುಂಯ್‌ಗುಡುವಿಕೆ ಎಂಬ ಅಭ್ಯಾಸ ನಮ್ಮ ಶ್ರವ್ಯಕಥೆಗಳನ್ನು ಕೆಡಿಸುತ್ತಿದೆ. ಸಂಗೀತ ಕಥೆಗಿಂತ ಮೊದಲೇ ಓಡಿಹೋಗಿ, ಏನನ್ನು ಅನುಭವಿಸಬೇಕೆಂದು ಕೇಳುಗರಿಗೆ ಆಜ್ಞೆ ಕೊಡುತ್ತದೆ. ಮೌನವನ್ನು ಬಳಸುವವರು ತೀರಾ ವಿರಳ. ಮೌನವೆಂದರೆ ಧ್ವನಿಪಟ್ಟಿಯಲ್ಲಿ ಏನೂ ಇಲ್ಲದಿರುವುದು ಎಂದೂ ಅರ್ಥವಲ್ಲ. ಪೂರ್ತಿ ಖಾಲಿ ಬಿಟ್ಟರೆ ಫೋನು ಕೆಟ್ಟಿತೋ ಏನೋ ಎಂದು ಕೇಳುವವರು ಪರದೆ ನೋಡುತ್ತಾರೆ. ಓದಿದ ಕೋಣೆಯಲ್ಲೇ ಯಾರೂ ಮಾತನಾಡದೆ ಒಂದು ನಿಮಿಷ ಮುದ್ರಿಸಿಕೊಂಡರೆ ಆ ಕೋಣೆಯ ಸ್ವಂತ ನಿಶ್ಶಬ್ದ ಸಿಗುತ್ತದೆ. ಮಾತುಗಳ ನಡುವಿನ ಬಿಡುವಿಗೆ ಅದನ್ನೇ ಹಾಕಬೇಕು. ಅಲ್ಲಿಯವರೆಗೆ ಕೇಳುತ್ತಿದ್ದ ಜೀರುಂಡೆಯೋ ಫ್ಯಾನೋ ತಟ್ಟನೆ ನಿಂತಾಗ ಹುಟ್ಟುವ ಮೌನಕ್ಕೆ ಇನ್ನೂ ಹೆಚ್ಚಿನ ಬಲವಿದೆ.

ಶಬ್ದಕ್ಕೆ ಊರಿನ ನೆನಪೂ ಅಂಟಿಕೊಂಡಿರುತ್ತದೆ ಎಂಬುದನ್ನು ಧ್ವನಿವಿನ್ಯಾಸಕರು ಮರೆಯಬಾರದು. ಬೇರೆ ಊರಿನ ಕೇಳುಗರಿಗೆ ಹೆಲಿಕಾಪ್ಟರಿನ ಸದ್ದೆಂದರೆ ಯುದ್ಧವೋ ಮಂತ್ರಿಗಳ ಆಗಮನವೋ ಆಗಬಹುದು. ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸಿಂಪಡಿಸಿದ ನಮ್ಮ ಗ್ರಾಮಗಳಲ್ಲಿ, ಆ ಸದ್ದು ಕೇಳಿದ ತಾಯಂದಿರಿಗೆ ಏನಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಆ ಕುರಿತ ಕಥೆಯಲ್ಲಿ ಸದ್ದು ದೂರದಿಂದ ಒಮ್ಮೆ ಕೇಳಿದರೆ ಸಾಕು. ಅದನ್ನು ತಲೆಯ ಮೇಲೆ ತಂದು ಗುಡುಗಿಸುವುದು ಅತಿಯಾಗುತ್ತದೆ. ಹಾಗೆಯೇ ದೈವ ಕಟ್ಟುವವರು ಕಾಲಿಗೆ ಧರಿಸುವ ಗಗ್ಗರದ ಸದ್ದನ್ನು ಭಯ ಹುಟ್ಟಿಸುವ ಇಫೆಕ್ಟ್ ಆಗಿ ಬಳಸುವ ಚಾಳಿ ಈಚೆಗೆ ಹೆಚ್ಚಿದೆ. ನಂಬಿದವರಿಗೆ ಅದು ಅಭಯದ ಸದ್ದು. ದೈವಶಕ್ತಿ ನೆಲೆಸಿದೆಯೆಂದು ನಂಬುವ ಕಾರ್ಣಿಕದ ಜಾಗದಲ್ಲಿ, ದೈವ ಕಟ್ಟುವವರ ಮತ್ತು ಮನೆತನದವರ ಒಪ್ಪಿಗೆಯಿಲ್ಲದೆ ಮುದ್ರಿಸಿಕೊಂಡು ಬಂದು ದೆವ್ವದ ಕಥೆಗೆ ಹಚ್ಚುವುದು ಕಲೆಯ ದೃಷ್ಟಿಯಿಂದಲೂ ಸೌಜನ್ಯದ ದೃಷ್ಟಿಯಿಂದಲೂ ತಪ್ಪು.

ಇದನ್ನೆಲ್ಲ ಕಲಿಯುವುದು ಹೇಗೆ ಎಂದು ಕೇಳಬಹುದು. ದೊಡ್ಡ ಮಟ್ಟದಲ್ಲಿ ಕಲಿಯಬಯಸುವವರಿಗೆ ಪುಣೆಯ ಎಫ್‌ಟಿಐಐ, ಕೋಟ್ಟಯಂನ ಕೆ.ಆರ್. ನಾರಾಯಣನ್ ಎಂಬ ಚಲನಚಿತ್ರ ಶಿಕ್ಷಣ ಸಂಸ್ಥೆಗಳಲ್ಲಿ ಧ್ವನಿಗೆಂದೇ ತರಗತಿಗಳಿವೆ. 2009ರಲ್ಲಿ ಧ್ವನಿಮಿಶ್ರಣಕ್ಕಾಗಿ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿಯವರು ಕೊಲ್ಲಂ ಜಿಲ್ಲೆಯ ಹಳ್ಳಿಯಿಂದ ಪುಣೆಗೆ ಹೋಗಿ ಕಲಿತವರು ಎಂಬುದು ನಮ್ಮ ರಾಜ್ಯದ ಮಕ್ಕಳಿಗೆ ಗೊತ್ತಿರಬೇಕು. ಆದರೆ ಆರಂಭಕ್ಕೆ ಬೇಕಾದದ್ದು ಕೇಳುವ ಅಭ್ಯಾಸ. ಕೆನಡಾದ ಆರ್. ಮರ್ರೇ ಶೇಫರ್ ಅವರು 1970ರ ದಶಕದಲ್ಲಿ ಊರುಗಳ ಶಬ್ದಪರಿಸರವನ್ನು ಅಧ್ಯಯನ ಮಾಡಿದಾಗ, ನಾವು ಗಮನಿಸದೆಯೇ ಸದಾ ಕೇಳುತ್ತಿರುವ ತಳಶಬ್ದ, ಗಮನ ಸೆಳೆಯುವ ಸೂಚನೆಯ ಶಬ್ದ, ಒಂದು ಊರಿಗಷ್ಟೇ ಸೇರಿದ ಗುರುತಿನ ಶಬ್ದ ಎಂದು ಬೇರ್ಪಡಿಸಿದರು. ಈ ಮೂರು ಹೆಸರು ಹಿಡಿದು ಮಾತಿಲ್ಲದೆ ಊರು ಸುತ್ತಿಬಂದರೆ ಮಕ್ಕಳ ನೋಟ್‌ಬುಕ್ ತುಂಬುತ್ತದೆ. ಫ್ರಾನ್ಸಿನ ಪಿಯರ್ ಶೆಫರ್ ಅವರು 1948ರಲ್ಲಿ ರೈಲುಗಳ ಸದ್ದನ್ನು ಮುದ್ರಿಸಿ, ಕತ್ತರಿಸಿ ಜೋಡಿಸಿ ರಚನೆಯೊಂದನ್ನು ಮಾಡಿದವರು. ಶಬ್ದ ಯಾವುದರದ್ದು ಎಂಬುದನ್ನು ಬದಿಗಿಟ್ಟು ಅದರ ಗುಣವನ್ನಷ್ಟೇ ಕೇಳಬೇಕೆಂಬುದು ಅವರ ಶಿಕ್ಷಣ. ಈ ಬಗೆಯ ಆಲಿಸುವಿಕೆಯಿಂದಲೇ ಒಂದು ವಸ್ತುವಿನ ಸದ್ದು ಇನ್ನೊಂದಕ್ಕೆ ಒದಗಬಲ್ಲದು ಎಂದು ತಿಳಿಯುವುದು. ತೆಂಗಿನ ಗೆರಟೆಯ ಎರಡು ಹೋಳು ಕುದುರೆಯ ಗೊರಸಾಗುವುದು ಲೋಕಕ್ಕೇ ತಿಳಿದಿದೆ. ಗೆರಸೆಯಲ್ಲಿ ಹೆಸರುಕಾಳನ್ನು ಮೆಲ್ಲನೆ ಅತ್ತಿತ್ತ ಉರುಳಿಸಿದರೆ ಕಡಲ ತೆರೆ ಬಂದು ಹಿಂದೆ ಸರಿದಂತೆ ಕೇಳುತ್ತದೆ. ಒಣಗಿದ ಅಡಿಕೆ ಹಾಳೆಯನ್ನು ಮೈಕಿನ ಹತ್ತಿರ ಮುರಿದರೆ ಬೆಂಕಿ ಹತ್ತಿದ ಮಾಡಿನ ಸಿಡಿತಕ್ಕೆ ಸಾಕು. ಕೇರಳ ಶಾಲಾ ಕಲೋತ್ಸವದಲ್ಲಿ ಮಿಮಿಕ್ರಿಯೂ ಸ್ಪರ್ಧೆ, ಯಕ್ಷಗಾನವೂ ಸ್ಪರ್ಧೆ. ಗಾಳಿ, ಹಕ್ಕಿ, ರೈಲು, ಪಟಾಕಿಗಳನ್ನು ಬಾಯಲ್ಲೇ ಹೊರಡಿಸುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರನ್ನು ಕಥೆ ಬರೆಯುವ ಮಕ್ಕಳ ಜೊತೆ ಕೂರಿಸುವುದು ನಮ್ಮ ಕೈಯಲ್ಲಿದೆ.

ಉಪಕರಣಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದು ಸಾಧಾರಣ ಫೋನು, ಉಚಿತವಾಗಿ ಸಿಗುವ ಆಡಾಸಿಟಿಯಂಥ ಸಾಫ್ಟ್‌ವೇರ್ ಸಾಕು. ಫೋನು ತಾನಾಗಿಯೇ ಧ್ವನಿಮಟ್ಟವನ್ನು ಏರಿಳಿಸುವ ಮತ್ತು ಹಿನ್ನೆಲೆಯನ್ನು ಅಳಿಸುವ ವ್ಯವಸ್ಥೆಯನ್ನು ಸಾಧ್ಯವಾದರೆ ನಿಲ್ಲಿಸಬೇಕು. ಇಲ್ಲವಾದರೆ ಮಾತು ನಿಂತಾಗಲೆಲ್ಲ ಫ್ಯಾನಿನ ಸದ್ದು ಉಬ್ಬಿ ಬರುತ್ತದೆ, ಮಳೆಯ ಸದ್ದು ನುಚ್ಚಾಗುತ್ತದೆ. ಓದುವವರು ಮೈಕಿನಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಕುಳಿತರೆ ‘ಪ’, ‘ಭ’, ‘ಫ’ಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ಬರಿಗೋಡೆಯ ಕೋಣೆಗಿಂತ ಬಟ್ಟೆಯ ಕಪಾಟು, ಹಾಸಿಗೆಗಳಿರುವ ಕೋಣೆ ಒಳ್ಳೆಯದು. ಸಿದ್ಧವಾದ ಕಥೆಯ ಒಟ್ಟು ಮಟ್ಟ, ಕಿವಿಗೆ ಕೇಳುವ ಜೋರನ್ನು ಅಳೆಯುವ ಎಲ್‌ಯುಎಫ್‌ಎಸ್ ಮಾನದಲ್ಲಿ, −16ರ ಆಸುಪಾಸಿನಲ್ಲಿರುವುದು ಪಾಡ್‌ಕಾಸ್ಟ್‌ಗಳಲ್ಲಿ ರೂಢಿ. ಕೊನೆಗೆ, ಹೆಡ್‌ಫೋನಿನಲ್ಲಿ ಮೆಚ್ಚಿಕೊಂಡದ್ದನ್ನು ಫೋನಿನ ಸ್ಪೀಕರಿನಲ್ಲಿ, ಅಡುಗೆಮನೆಯಲ್ಲಿ ಒಮ್ಮೆ ಕೇಳಲೇಬೇಕು. ಆ ಪುಟ್ಟ ಸ್ಪೀಕರಿನಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದು ಹೆಚ್ಚುಕಡಿಮೆ ಕೇಳುವುದೇ ಇಲ್ಲವಾದ್ದರಿಂದ, ಗುಡುಗಿನ ಮೇಲೆ ನಿಂತ ಸನ್ನಿವೇಶ ಅಲ್ಲಿ ಕುಸಿದುಬೀಳಬಹುದು.

ಪತ್ರಿಕೆಗೆ ನನ್ನ ಕೋರಿಕೆಗಳು ಇಷ್ಟು. ಪುರವಣಿಯ ಕಥೆಗಳನ್ನು ಧ್ವನಿರೂಪಕ್ಕೆ ತರುವ ಯೋಚನೆ ಪತ್ರಿಕೆಗೆ ಇದೆಯೆಂದು ಆ ಲೇಖನದಿಂದಲೇ ತಿಳಿಯಿತು. ಹಾಗೆ ತರುವಾಗ ದಯವಿಟ್ಟು ಕಥೆಗಾರರನ್ನೂ ಧ್ವನಿವಿನ್ಯಾಸಕರನ್ನೂ ಓದು ಆರಂಭವಾಗುವ ಮೊದಲೇ ಒಟ್ಟಿಗೆ ಕೂರಿಸಿ. ಪ್ರತಿ ಸನ್ನಿವೇಶದಲ್ಲಿ ಕೇಳುಗರು ಎಲ್ಲಿದ್ದಾರೆ ಎಂಬುದನ್ನು ಹಸ್ತಪ್ರತಿಯ ಅಂಚಿನಲ್ಲಿ ಬರೆಸಿ. ಕಥೆ ನಡೆಯುವ ಊರಿನಲ್ಲೇ ಶಬ್ದ ಮುದ್ರಿಸಲು ಸಾಧ್ಯವಿದ್ದರೆ ಅದಕ್ಕೆ ಅವಕಾಶ ಮಾಡಿಕೊಡಿ. ಕಥೆಗಾರರ ಮತ್ತು ಓದಿದವರ ಹೆಸರಿನ ಜೊತೆಗೆ ಶಬ್ದ ಸಂಗ್ರಹಿಸಿದವರ, ಜೋಡಿಸಿದವರ ಹೆಸರನ್ನೂ ಪ್ರಕಟಿಸಿ. ಹೆಸರಿಲ್ಲದ ಕೆಲಸಕ್ಕೆ ಯುವಕರು ಬರುವುದಿಲ್ಲ. ಬೇಸಗೆ ರಜೆಯಲ್ಲಿ ಗಡಿಭಾಗದ ಕನ್ನಡ ಶಾಲೆಗಳ ಮಕ್ಕಳಿಗೆ ಪತ್ರಿಕೆಯ ವತಿಯಿಂದ ಒಂದು ಶಿಬಿರ ನಡೆಸುವುದಾದರೆ ಇಲ್ಲಿನ ಭಾಗವತರು, ಮದ್ದಳೆಗಾರರು, ಅರ್ಥಧಾರಿಗಳು ಪಾಠ ಹೇಳಲು ಬರುತ್ತಾರೆ ಎಂಬ ಭರವಸೆ ನನಗಿದೆ.

ನಮ್ಮ ಗ್ರಂಥಾಲಯದ ಮಕ್ಕಳು ಇದುವರೆಗೆ ಮುದ್ರಿಸಿಕೊಂಡಿರುವ ಸುರಂಗ, ಹಂಚಿನ ಮಾಡಿನ ಮಳೆ, ಅಡಿಕೆ ಡಬ್ಬ, ಬಸ್ಸಿನ ಬೆಲ್, ಬದಿಯಡ್ಕ ಪೇಟೆಯ ಬೆಳಗಿನ ಗದ್ದಲ ಮುಂತಾದ ಶಬ್ದಗಳನ್ನು ಎಲ್ಲಿ, ಯಾವ ತಿಂಗಳಲ್ಲಿ ಮುದ್ರಿಸಿದ್ದು ಎಂಬ ವಿವರದೊಡನೆ ಜೋಡಿಸಿಟ್ಟಿದ್ದೇವೆ. ಕಾಸರಗೋಡಿನ ಕಥೆಯನ್ನು ಧ್ವನಿಗೆ ತರುವ ಯಾರೇ ಕನ್ನಡಿಗರು ಕೇಳಿದರೂ ಅವುಗಳನ್ನು ಶುಲ್ಕವಿಲ್ಲದೆ ಕೊಡಲು ಮಕ್ಕಳು ಒಪ್ಪಿದ್ದಾರೆ. ಪತ್ರಿಕೆಯ ಮೂಲಕ ಕೋರಿಕೆ ಬಂದರೆ ತಲುಪಿಸುವ ಹೊಣೆ ನನ್ನದು.

ಇತಿ,
ನಿವೃತ್ತ ಕನ್ನಡ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ